ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗುವ ನಮ್ಮ ಕಡೆಯವರಿಗೆ: ಇಲ್ಲಿ ಮೊದಲು ಇಳಿಯಬೇಕು, ಆಮೇಲೆ ಹತ್ತಬೇಕು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಕಡೆಯವರಿಗೆ ಬೆಟ್ಟ ಹೊಸದಲ್ಲ. ನಂದಿ ಇದೆ, ಸ್ಕಂದಗಿರಿ ಇದೆ, ಆವಲಬೆಟ್ಟ ಇದೆ, ಕೈವಾರದ ಬೆಟ್ಟ ಇದೆ. ಹಾಗಾಗಿ ಅಮೆರಿಕದಲ್ಲಿರುವ ಮಗನೋ ಮಗಳೋ "ಈ ಸಲ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗೋಣಪ್ಪಾ, ಸ್ವಲ್ಪ ನಡೆಯೋದಿರುತ್ತೆ ಅಷ್ಟೆ" ಅಂದರೆ ನಾವು ತಕ್ಷಣ ಹೂಂ ಅನ್ನುತ್ತೇವೆ. ಹೂಂ ಅನ್ನಿ, ಖಂಡಿತ ಹೋಗಿ. ಆದರೆ ಒಂದು ಮಾತು ತಲೆಯಲ್ಲಿಟ್ಟುಕೊಂಡು ಹೋಗಿ. ನಮ್ಮ ಬೆಟ್ಟದಲ್ಲಿ ಕಷ್ಟ ಮೊದಲು ಬರುತ್ತದೆ, ಸುಲಭ ಆಮೇಲೆ. ಅರ್ಧ ಹತ್ತಿ ಸುಸ್ತಾದರೆ ವಾಪಸ್ ತಿರುಗಿದರಾಯಿತು, ಇಳಿಜಾರೇ ನಮ್ಮನ್ನು ಕೆಳಗೆ ತಂದುಬಿಡುತ್ತದೆ. ಅಲ್ಲಿ ಪೂರ್ತಿ ಉಲ್ಟಾ. ಅದು ಅರಿಜೋನಾ ರಾಜ್ಯದಲ್ಲಿ ಕೊಲೊರಾಡೊ ನದಿ ಕೊರೆದ ಭಾರಿ ಕಣಿವೆ, ಕಾರು ನಿಲ್ಲಿಸುವ ಜಾಗವೇ ಮೇಲಿದೆ. ಬೆಳಗಿನ ತಂಪಿನಲ್ಲಿ, ಹೊಸ ಕಾಲಿನಲ್ಲಿ, ಮಾತಾಡುತ್ತಾ ಫೋಟೋ ತೆಗೆಯುತ್ತಾ ಇಳಿದುಬಿಡುತ್ತೀರಿ. ಸುಸ್ತು ಗೊತ್ತಾಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ, ಬಾಟಲಿ ಅರ್ಧ ಖಾಲಿಯಾಗಿರುತ್ತದೆ, ಹತ್ತೋದು ಪೂರ್ತಿ ಬಾಕಿ ಇರುತ್ತದೆ. ಅಲ್ಲಿ ತೊಂದರೆಗೆ ಸಿಕ್ಕುವವರಲ್ಲಿ ಎಷ್ಟೋ ಜನ ಗಟ್ಟಿಮುಟ್ಟಾದವರೇ, ಸುಮ್ನೆ ಜಾಸ್ತಿ ದೂರ ಇಳಿದುಬಿಟ್ಟವರು.

ಮೊದಲು ಯಾವ ಕ್ಯಾನಿಯನ್ ಅಂತ ಇತ್ಯರ್ಥ ಮಾಡಿಕೊಳ್ಳಿ. ಲಾಸ್ ವೇಗಾಸ್‌ಗೆ ಹೋದವರನ್ನು ಒಂದು ದಿನದ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಗಾಜಿನ ಸೇತುವೆ ಮೇಲೆ ನಿಲ್ಲಿಸುತ್ತಾರಲ್ಲ, ಆ ಸ್ಕೈವಾಕ್ ಇರುವುದು ಗ್ರ್ಯಾಂಡ್ ಕ್ಯಾನಿಯನ್ ವೆಸ್ಟ್‌ನಲ್ಲಿ. ಅದು ಹುವಾಲಪೈ ಎಂಬ ಮೂಲನಿವಾಸಿ ಜನರ ಜಮೀನು, ನ್ಯಾಷನಲ್ ಪಾರ್ಕ್ ಅಲ್ಲ. ಪಾರ್ಕಿನ ಪಾಸ್ ಅಲ್ಲಿ ನಡೆಯುವುದಿಲ್ಲ, ನಾನು ಮುಂದೆ ಹೇಳುವ ದಾರಿಗಳೂ ಅಲ್ಲಿಲ್ಲ. ನಡೆಯಬೇಕು, ಟೆಂಟ್ ಹಾಕಬೇಕು ಅನ್ನುವವರು ಹೋಗಬೇಕಾದ್ದು ಸೌತ್ ರಿಮ್‌ಗೆ. ರಿಮ್ ಅಂದರೆ ಕಣಿವೆಯ ಮೇಲಿನ ಅಂಚು. ವೇಗಾಸ್‌ನಿಂದ ಸುಮಾರು 450 ಕಿಲೋಮೀಟರ್, ಫೀನಿಕ್ಸ್‌ನಿಂದ ಸುಮಾರು 370, ಫ್ಲ್ಯಾಗ್‌ಸ್ಟಾಫ್ ಎಂಬ ಊರಿನಿಂದ 130. ಫ್ಲ್ಯಾಗ್‌ಸ್ಟಾಫ್‌ನಲ್ಲಿ ದಿನಸಿ, ಗ್ಯಾಸ್, ಬೇಕಾದ್ದೆಲ್ಲ ತಗೊಂಡುಬಿಡಿ, ಮುಂದಕ್ಕೆ ಹೋದಷ್ಟೂ ರೇಟು ಜಾಸ್ತಿ. ಎದುರು ಬದಿಯ ನಾರ್ತ್ ರಿಮ್ ಇನ್ನೂ ಎತ್ತರ, ಚಳಿಗಾಲದಲ್ಲಿ ಮುಚ್ಚಿರುತ್ತದೆ, 2025ರ ಜುಲೈನ ಕಾಡ್ಗಿಚ್ಚಿನಲ್ಲಿ ಅಲ್ಲಿನ ಹಳೆಯ ಲಾಡ್ಜ್ ಸುಟ್ಟುಹೋಯಿತು. ಮೊದಲ ಸಲ ಹೋಗುವವರಿಗೆ ಸೌತ್ ರಿಮ್ಮೇ ಸರಿ.

ದುಡ್ಡಿನ ವಿಷಯ. ಒಂದು ಕಾರಿಗೆ 35 ಡಾಲರ್, 7 ದಿನ ನಡೆಯುತ್ತದೆ ಅಂತ ಹಳೆಯ ಲೆಕ್ಕ. 2026ರ ಜನವರಿಯಿಂದ ಅಮೆರಿಕದಲ್ಲಿ ವಾಸ ಇಲ್ಲದವರಿಗೆ, ಅಂದರೆ ವಿಸಿಟರ್ ವೀಸಾದಲ್ಲಿ ಹೋಗುವ ನಮ್ಮಂಥ ಅಪ್ಪ ಅಮ್ಮಂದಿರಿಗೆ, 16 ವರ್ಷ ದಾಟಿದ್ದರೆ ತಲೆಗೆ 100 ಡಾಲರ್ ಜಾಸ್ತಿ ಅಂತ ಮಾಡಿದ್ದಾರೆ. ಹೊರಗಿನವರಿಗೆ 250 ಡಾಲರ್‌ನ ವರ್ಷದ ಪಾಸ್ ಬೇರೆ ಇದೆ. ಜಯನ್, ಬ್ರೈಸ್, ಯೊಸೆಮಿಟಿ ಎಂಬ ಬೇರೆ ನ್ಯಾಷನಲ್ ಪಾರ್ಕುಗಳನ್ನೂ ನೋಡುವ ಪ್ಲಾನ್ ಇದ್ದರೆ ಯಾವುದು ಅಗ್ಗ ಅಂತ ಮೊದಲೇ ಕೂತು ಲೆಕ್ಕ ಹಾಕಿ. ಹೊರಡುವ ಮುಂಚೆ ಪಾರ್ಕಿನ ವೆಬ್‌ಸೈಟ್‌ನಲ್ಲಿ ಆ ದಿನದ ದರ ನೋಡಿಕೊಳ್ಳಿ. ಗೇಟಿನಲ್ಲಿ ಕಾರ್ಡ್ ಮಾತ್ರ, ನೋಟು ತಗೊಳ್ಳುವುದಿಲ್ಲ.

ಇದಕ್ಕಿಂತ ಮುಖ್ಯ, ಹೆಲ್ತ್ ಇನ್ಶೂರೆನ್ಸ್. ವಿಸಿಟರ್ ಇನ್ಶೂರೆನ್ಸ್ ಇಲ್ಲದೆ ದಯವಿಟ್ಟು ಅಂಚಿನಿಂದ ಕೆಳಗೆ ಒಂದು ಹೆಜ್ಜೆಯೂ ಇಡಬೇಡಿ. ಒಳಗೆ ರಸ್ತೆ ಇಲ್ಲ, ಆಂಬುಲೆನ್ಸ್ ಬರುವುದಿಲ್ಲ. ತುಂಬ ಕೆಟ್ಟರೆ ಹೆಲಿಕಾಪ್ಟರ್, ಅದರ ಮೇಲೆ ಆಸ್ಪತ್ರೆ ಬಿಲ್ಲು. ಮಕ್ಕಳ ಮೇಲೆ ಆ ಹೊರೆ ಯಾಕೆ ಹೇಳಿ.

ಯಾವಾಗ ಹೋಗಬೇಕು? ನನ್ನ ಪ್ರಕಾರ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ, ಇಲ್ಲವಾದರೆ ಅಕ್ಟೋಬರ್. ಮಕ್ಕಳಿಗೆ ರಜ ಸಿಗುವುದು ಜೂನ್-ಜುಲೈನಲ್ಲಿ, ಆಗಲೇ ಹೋಗಬೇಕಾಗುತ್ತದೆ ಅನ್ನುವುದು ನಿಜ, ಆದರೆ ಆಗ ಅಂಚಿನ ಮೇಲೆ ಓಡಾಡಿಕೊಂಡಿರಿ, ಇಳಿಯುವ ಆಸೆ ಬಿಡಿ. ಜುಲೈನಲ್ಲಿ ಮೇಲೆ 29 ಡಿಗ್ರಿ ಹಿತವಾಗಿರುವಾಗ ಕೆಳಗೆ ನದಿಯ ಹತ್ತಿರ 40 ದಾಟಿರುತ್ತದೆ. ಇದು ನಮಗೆ ಸುಲಭಕ್ಕೆ ಹೊಳೆಯುವುದಿಲ್ಲ. ನಮ್ಮ ಅನುಭವದಲ್ಲಿ ನೀರಿರುವ ಕಡೆ ತಂಪು, ಬಂಡೆಯ ತಲೆ ಸುಡುತ್ತದೆ. ಅಲ್ಲಿ ಇಳಿದಷ್ಟೂ ಸೆಕೆ, ಸುತ್ತಲ ಬಂಡೆಗಳು ಕಾದು ರಾತ್ರಿಯವರೆಗೂ ಬಿಸಿ ಉಗುಳುತ್ತಿರುತ್ತವೆ. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಅಲ್ಲಿಗೂ ಮಳೆಗಾಲ ಉಂಟು. ಮಧ್ಯಾಹ್ನ ಇದ್ದಕ್ಕಿದ್ದಂತೆ ಗುಡುಗು ಸಿಡಿಲು ಬರುತ್ತದೆ, ಒಣಗಿದ ಹಳ್ಳದಲ್ಲಿ ಒಮ್ಮೆಗೇ ನೀರು ನುಗ್ಗುತ್ತದೆ. ಮೋಡ ಕಟ್ಟಿದರೆ ಅಂಚಿನ ಕಂಬಿ, ಒಂಟಿ ಮರ ಬಿಟ್ಟು ಬಸ್ಸಿನೊಳಗೋ ಕಟ್ಟಡದೊಳಗೋ ಸೇರಿಕೊಳ್ಳಿ. ಚಳಿಗಾಲದಲ್ಲಿ ಮೇಲೆ ಹಿಮ ಬೀಳುತ್ತದೆ, ರಾತ್ರಿ ಶೂನ್ಯಕ್ಕಿಂತ ಕೆಳಗೆ. ಮರುಭೂಮಿ ಅಂತ ಅಂದುಕೊಂಡು ಸ್ವೆಟರ್ ಮನೆಯಲ್ಲಿ ಬಿಟ್ಟು ಹೋದರೆ ಮೇ ತಿಂಗಳಲ್ಲೂ ನಡುಗುತ್ತೀರಿ. ಸೌತ್ ರಿಮ್ ಸಮುದ್ರಮಟ್ಟದಿಂದ ಸುಮಾರು 2100 ಮೀಟರ್ ಎತ್ತರದಲ್ಲಿದೆ, ನಮ್ಮ ನಂದಿಬೆಟ್ಟದ ತುದಿ 1478. ಮೊದಲ ದಿನ ಸ್ವಲ್ಪ ನಡೆದರೂ ಏದುಸಿರು ಬರುವುದು ಅದಕ್ಕೇ. ಆ ದಿನ ಆರಾಮಾಗಿರಿ.

ಮಂಡಿನೋವು ಇರುವವರು, ಬಿಪಿ, ಶುಗರ್, ಹಾರ್ಟು ಅಂತ ಮಾತ್ರೆ ತಗೊಳ್ಳುವವರು ಇಳಿಯಲೇಬೇಕು ಅಂತ ಏನೂ ಇಲ್ಲ. ಅಂಚಿನ ಉದ್ದಕ್ಕೂ ರಿಮ್ ಟ್ರೇಲ್ ಅಂತ ಸುಮಾರು 21 ಕಿಲೋಮೀಟರ್ ದಾರಿ ಇದೆ. ಬಹುಪಾಲು ಮಟ್ಟಸ, ಎಷ್ಟೋ ಕಡೆ ಟಾರು ಹಾಕಿದ್ದಾರೆ, ಗಾಲಿಕುರ್ಚಿಯೂ ಹೋಗುತ್ತದೆ. ಪಾರ್ಕಿನ ಬಸ್ ಬಿಟ್ಟಿ. ಒಂದು ನಿಲ್ದಾಣದಲ್ಲಿ ಇಳಿದು ಮುಂದಿನದಕ್ಕೆ ನಡೆದು ಮತ್ತೆ ಹತ್ತಿಕೊಳ್ಳಬಹುದು. ಪಶ್ಚಿಮದ ಹರ್ಮಿಟ್ ರಸ್ತೆಗೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಸ್ವಂತ ಕಾರು ಬಿಡುವುದಿಲ್ಲ, ಬಸ್ಸಿನಲ್ಲೇ ಹೋಗಬೇಕು, ಸಂಜೆ ಸೂರ್ಯ ಮುಳುಗುವುದನ್ನು ನೋಡಲು ಆ ಕಡೆಯೇ ಚೆನ್ನ.

ಈ ದಾರಿಯಲ್ಲಿ ನನಗೆ ತುಂಬ ಇಷ್ಟವಾದದ್ದು 'ಟ್ರೇಲ್ ಆಫ್ ಟೈಮ್' ಎಂಬ ಭಾಗ. ನೆಲದ ಮೇಲೆ ಗುರುತು ಹಾಕಿದ್ದಾರೆ, ಒಂದೊಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ ಹಿಂದಕ್ಕೆ ಹೋದ ಲೆಕ್ಕ. ಪಕ್ಕದಲ್ಲಿ ಆಯಾ ಕಾಲದ ಕಲ್ಲುಗಳನ್ನು ಇಟ್ಟಿದ್ದಾರೆ, ಮುಟ್ಟಿ ನೋಡಬಹುದು. ನಾವು ನಿಂತಿರುವ ಅಂಚಿನ ಸುಣ್ಣಕಲ್ಲು ಸುಮಾರು 27 ಕೋಟಿ ವರ್ಷದ್ದು. ತಳದಲ್ಲಿ ನದಿಯ ಪಕ್ಕ ಕಾಣುವ ಕಪ್ಪು ಕಲ್ಲಿನ ಹೆಸರು ವಿಷ್ಣು ಶಿಸ್ಟ್, ವಯಸ್ಸು 170 ಕೋಟಿ ವರ್ಷಕ್ಕೂ ಮೇಲೆ. ಹೌದು, ನಮ್ಮ ವಿಷ್ಣುವೇ. 1880ರ ದಶಕದಲ್ಲಿ ಇಲ್ಲಿ ಕೆಲಸ ಮಾಡಿದ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿಗೆ ಪೂರ್ವದ ದೇವರುಗಳ ಹೆಸರು ಇಷ್ಟ. ಕಣಿವೆಯೊಳಗೆ ಎದ್ದು ನಿಂತ ಶಿಖರಗಳಿಗೆ ವಿಷ್ಣು ಟೆಂಪಲ್, ಶಿವ ಟೆಂಪಲ್ ಅಂತ ಹೆಸರಿವೆ. ಅಮ್ಮಂದಿರಿಗೆ ತೋರಿಸಿ, ಖುಷಿಪಡುತ್ತಾರೆ. ಇನ್ನೊಂದು ಮಾತೂ ಹೇಳಿ. ಕೋಲಾರದ ಚಿನ್ನದ ಗಣಿಯ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು, ಆ ವಿಷ್ಣು ಶಿಸ್ಟ್‌ಗಿಂತ ಎಷ್ಟೋ ಹಿರಿಯದು. ಅಲ್ಲಿ 1.6 ಕಿಲೋಮೀಟರ್ ಆಳಕ್ಕೆ ಇಳಿದು ನೋಡುವ ಕಲ್ಲಿಗಿಂತ ಹಳೆಯ ಕಲ್ಲಿನ ಮೇಲೆ ನಾವು ದಿನಾ ಓಡಾಡುತ್ತಿದ್ದೇವೆ, ಅಲ್ವಾ? ಆದರೆ ಆ ಕಣಿವೆಯನ್ನು ಕೊಲೊರಾಡೊ ನದಿ ಕೊರೆದದ್ದು ಬಹುಪಾಲು ಕಳೆದ 50-60 ಲಕ್ಷ ವರ್ಷಗಳಲ್ಲಿ ಅನ್ನುತ್ತಾರೆ. ಕಲ್ಲು ಹಳೆಯದು, ಕಣಿವೆ ಎಳೆಯದು.

ಈಗ ಇಳಿಯುವವರಿಗೆ. ಒಂದೇ ದಿನದಲ್ಲಿ ಹೋಗಿ ಬರಲು ಪರ್ಮಿಟ್ ಬೇಡ. ಎರಡು ಮುಖ್ಯ ದಾರಿ ಇವೆ. ಬ್ರೈಟ್ ಏಂಜೆಲ್ ದಾರಿ ಅಂಚಿನ ಮೇಲಿನ ಗ್ರ್ಯಾಂಡ್ ಕ್ಯಾನಿಯನ್ ವಿಲೇಜ್ ಎಂಬ ಹಳ್ಳಿಯ ಪಕ್ಕದಲ್ಲೇ ಶುರು. ನಡುನಡುವೆ ನೆರಳಿದೆ, ಕೂತು ಸುಧಾರಿಸಿಕೊಳ್ಳುವ ತಂಗುಮನೆಗಳಿವೆ, ಕಾಲಕ್ಕೆ ತಕ್ಕಂತೆ ನಲ್ಲಿ ನೀರು ಸಿಗುತ್ತದೆ. ಸೌತ್ ಕೈಬಾಬ್ ದಾರಿ ದಿಬ್ಬದ ಬೆನ್ನಿನ ಮೇಲೆ ಹೋಗುತ್ತದೆ, ಎರಡೂ ಕಡೆ ಕಣಿವೆ ತೆರೆದುಕೊಂಡು ನೋಟ ಇನ್ನೂ ಚೆನ್ನಾಗಿದೆ, ಆದರೆ ಕಡಿದು, ನೆರಳಿಲ್ಲ, ಒಂದು ತೊಟ್ಟು ನೀರೂ ಇಲ್ಲ. ಅದರ ಬಾಯಿಗೆ ಸ್ವಂತ ಕಾರು ಹೋಗುವುದಿಲ್ಲ, ಬಸ್ಸೇ ಗತಿ. ಸಮಯ ಕಡಿಮೆ ಇದ್ದು ಬೆಳಗ್ಗೆ ಬೇಗ ಏಳುವವರಾದರೆ ಸೌತ್ ಕೈಬಾಬ್‌ನಲ್ಲಿ ಸೀಡರ್ ರಿಡ್ಜ್‌ವರೆಗೆ, ಅಂದರೆ 2.4 ಕಿಲೋಮೀಟರ್, ಹೋಗಿ ಬನ್ನಿ. ಮನೆಮಂದಿಯೆಲ್ಲ ಹೋಗುವುದಾದರೆ ಬ್ರೈಟ್ ಏಂಜೆಲ್‌ನಲ್ಲಿ ಮೊದಲ ತಂಗುಮನೆವರೆಗೆ. ಅದೂ 2.4 ಕಿಲೋಮೀಟರೇ, ಇಳಿಯುವುದು ಸುಮಾರು 340 ಮೀಟರ್.

ಎರಡನೆಯ ತಂಗುಮನೆ 4.8 ಕಿಲೋಮೀಟರ್ ದೂರ, ಆಳ ಸುಮಾರು 640 ಮೀಟರ್. ಇದನ್ನು ನಮ್ಮ ಲೆಕ್ಕಕ್ಕೆ ತಂದುಕೊಳ್ಳಿ. ಚಿಕ್ಕಬಳ್ಳಾಪುರ ಊರಿನ ಮಟ್ಟದಿಂದ ನಂದಿ ತುದಿ ಸುಮಾರು 560 ಮೀಟರ್ ಎತ್ತರ. ಅಂದರೆ ಅಲ್ಲಿಂದ ವಾಪಸ್ ಬರುವುದು ಅಂದರೆ, ಆಗಲೇ ಒಂದು ಸುತ್ತು ನಡೆದ ಕಾಲಿನಲ್ಲಿ ನಂದಿಗಿಂತ ಜಾಸ್ತಿ ಹತ್ತಬೇಕು. ನದಿಯವರೆಗೆ ಇಳಿದರೆ 1300 ಮೀಟರ್ ದಾಟುತ್ತದೆ, ಎರಡು ನಂದಿಗಿಂತ ಮೇಲೆ. ಒಂದೇ ದಿನದಲ್ಲಿ ನದಿ ಮುಟ್ಟಿ ವಾಪಸ್ ಬರಬೇಡಿ ಅಂತ ಪಾರ್ಕಿನವರು ದಾರಿಯುದ್ದಕ್ಕೂ ಬೋರ್ಡ್ ಹಾಕಿದ್ದಾರೆ. ಅದನ್ನು ದಯವಿಟ್ಟು ನಂಬಿ.

ಎಲ್ಲಿ ತಿರುಗಬೇಕು ಅನ್ನುವುದನ್ನು ಮೇಲೆಯೇ, ಬೆಂಚಿನ ಮೇಲೆ ಕೂತು, ಗಡಿಯಾರ ನೋಡಿ ತೀರ್ಮಾನ ಮಾಡಿ. ಇಳಿಯಲು ಒಂದು ಗಂಟೆ ಹಿಡಿದರೆ ಹತ್ತಲು ಎರಡು ಗಂಟೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಕೆಳಗೆ ನಡೆಯುತ್ತಿರಬಾರದು, ಹಾಗಾಗಿ ಬೆಳಕು ಹರಿಯುವಾಗಲೇ ಹೊರಡಬೇಕು. "ಇನ್ನೊಂದು ತಿರುವು, ಅಲ್ಲಿಂದ ಇನ್ನೂ ಚೆನ್ನಾಗಿ ಕಾಣುತ್ತಂತೆ" ಅನ್ನುವ ಮಾತು ಪ್ರತಿ ತಿರುವಿನಲ್ಲೂ ಬರುತ್ತದೆ. ಗುಂಪಿನಲ್ಲಿ ಯಾರು ನಿಧಾನವೋ ಅವರ ಕಾಲಿನ ಲೆಕ್ಕವೇ ಎಲ್ಲರ ಲೆಕ್ಕ. ಹುಡುಗರು ಮುಂದೆ ಓಡಿಹೋಗಿ ಅಪ್ಪ ಅಮ್ಮ ಹಿಂದೆ ಉಳಿಯುವುದು ಬೇಡ.

ನೀರು ಮತ್ತು ಉಪ್ಪು, ಎರಡೂ ಒಟ್ಟಿಗೆ. ಬರೀ ನೀರು ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ, ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ವಾಂತಿ ಬಂದಂತಾಗುವುದು, ತಲೆನೋವು, ಮಂಕು, ಮಾತು ತಡವರಿಸುವುದು, ಇದೆಲ್ಲ ಅದರ ಗುರುತು. ನೋಡಿದವರು ಬಿಸಿಲಿಗೆ ಹೀಗಾಗಿದೆ ಅಂದುಕೊಂಡು ಇನ್ನಷ್ಟು ನೀರು ಕುಡಿಸುತ್ತಾರೆ, ಅದರಿಂದ ಇನ್ನೂ ಕೆಡುತ್ತದೆ. ಹಾಗಾಗಿ ಕುಡಿದಾಗಲೆಲ್ಲ ಏನಾದರೂ ಉಪ್ಪಿನದು ತಿನ್ನಿ. ಇದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ನಿಪ್ಪಟ್ಟು, ಕೋಡುಬಳೆ, ಉಪ್ಪು ಹಾಕಿ ಹುರಿದ ಕಡ್ಲೆಕಾಯಿ ಬೀಜ, ಹುರಿಗಡಲೆ, ಚಪಾತಿ ಜೊತೆ ಉಪ್ಪಿನಕಾಯಿ, ಎಲ್ಲವೂ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಓಆರ್‌ಎಸ್ ಪೊಟ್ಟಣ ಊರಿನಿಂದಲೇ ಒಂದಷ್ಟು ಇಟ್ಟುಕೊಳ್ಳಿ. ಬಿಪಿಗೆ ಉಪ್ಪು ಬಿಟ್ಟವರು ಮಾತ್ರ ಮೊದಲೇ ತಮ್ಮ ಡಾಕ್ಟರನ್ನು ಕೇಳಿ. ಸೀಡರ್ ರಿಡ್ಜ್‌ಗೆ ಹೋಗಿಬರಲು ತಲೆಗೆ ಎರಡು ಲೀಟರ್‌ಗಿಂತ ಕಡಿಮೆ ನೀರು ಬೇಡ, ಸೆಕೆ ಇದ್ದರೆ ಇನ್ನೂ ಜಾಸ್ತಿ. ಬ್ರೈಟ್ ಏಂಜೆಲ್‌ನ ನಲ್ಲಿಗಳನ್ನು ನಂಬಿ ಖಾಲಿ ಕೈಯಲ್ಲಿ ಹೋಗಬೇಡಿ. ಕಣಿವೆಯ ಆ ಬದಿಯಿಂದ ನೀರು ತರುವ ಪೈಪ್‌ಲೈನ್ 1960ರ ದಶಕದ ಕೊನೆಯಲ್ಲಿ ಹಾಕಿದ್ದು, ಆಗಾಗ ಒಡೆಯುತ್ತದೆ. ಅದನ್ನು ಬದಲಿಸುವ ಕೆಲಸಕ್ಕಾಗಿ ದಾರಿ, ಕ್ಯಾಂಪು ಮುಚ್ಚುವುದೂ ಉಂಟು. ಯಾವ ನಲ್ಲಿಯಲ್ಲಿ ನೀರಿದೆ ಅಂತ ವೆಬ್‌ಸೈಟ್‌ನಲ್ಲಿ ಹಾಕುತ್ತಾರೆ, ಹಿಂದಿನ ದಿನ ನೋಡಿ. ಕೆಳಗೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ.

ಬಟ್ಟೆಗೆ ತುಂಬ ಖರ್ಚು ಮಾಡಬೇಡಿ. ಸೆಕೆಗಾಲದಲ್ಲಿ ತೆಳು ಕಾಟನ್ ಶರ್ಟ್, ಅಗಲ ಅಂಚಿನ ಟೋಪಿ, ಹೆಗಲ ಮೇಲೊಂದು ಕಾಟನ್ ಟವೆಲ್. ನೀರು ಸಿಕ್ಕ ಕಡೆ ಟವೆಲ್ಲನ್ನೂ ಶರ್ಟನ್ನೂ ನೆನೆಸಿಕೊಳ್ಳಿ. ಗಾಳಿ ತುಂಬ ಒಣ, ನೀರು ಆರುವಾಗ ಮೈ ತಂಪಾಗುತ್ತದೆ. ಚಳಿಗಾಲದಲ್ಲಿ ಇದೇ ಒದ್ದೆ ಕಾಟನ್ ಅಪಾಯ, ಆಗ ಉಣ್ಣೆಯದು ಹಾಕಿ. ಚಪ್ಪಲಿ ಬೇಡವೇ ಬೇಡ. ಹೊಸ ಶೂ ಕೂಡ ಬೇಡ, ಊರಿನಲ್ಲಿ ಒಂದೆರಡು ತಿಂಗಳು ಹಾಕಿ ಪಳಗಿಸಿದ್ದು ಇರಲಿ. ಉಗುರು ಕತ್ತರಿಸಿಕೊಂಡು ಹೋಗಿ, ಇಳಿಯುವಾಗ ಹೆಬ್ಬೆರಳು ಶೂ ಮೂತಿಗೆ ಬಡಿದು ಉಗುರು ಕಪ್ಪಾಗುತ್ತದೆ.

ಅಭ್ಯಾಸ ಎಲ್ಲಿ ಮಾಡಬೇಕು ಅಂತ ಕೇಳಿದರೆ, ನಂದಿಬೆಟ್ಟದಲ್ಲೇ, ಆದರೆ ತಲೆಕೆಳಗಾಗಿ. ಬಸ್ಸಿನಲ್ಲೋ ಬೈಕಿನಲ್ಲೋ ಮೇಲಕ್ಕೆ ಹೋಗಿ. ಅಲ್ಲಿಂದ ಸುಲ್ತಾನಪೇಟೆ ಕಡೆಯ ಮೆಟ್ಟಿಲಿನಲ್ಲಿ ಇಳಿಯಿರಿ, ಕೆಳಗೆ ಹತ್ತು ನಿಮಿಷ ಕೂತು ಮತ್ತೆ ಹತ್ತಿ. ವಾರದ ದಿನ ಹೋದರೆ ಜನ ಕಡಿಮೆ. ಬೆನ್ನಿಗೆ ಎರಡು ಲೀಟರ್ ನೀರಿನ ಚೀಲ ಇರಲಿ, ಕೋತಿಗೆ ತಿಂಡಿ ಕಾಣದಿರಲಿ. ಇಳಿಯುವಾಗ ತೊಡೆ ನಡುಗುವುದು, ಮಂಡಿ ಹಿಡಿಯುವುದು, ಆಮೇಲೆ ಹತ್ತುವಾಗ ಉಸಿರು ಎಷ್ಟು ಬೇಗ ಕಟ್ಟುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ನಾಲ್ಕೈದು ವಾರ ಹೀಗೆ ಮಾಡಿದವರು ಅಲ್ಲಿ ಎಷ್ಟು ಇಳಿಯಬಹುದು ಅಂತ ತಾವೇ ಹೇಳಬಲ್ಲರು. ಇಳಿಜಾರಿನಲ್ಲಿ ಮಂಡಿ ನೋವು ಬರುವವರು ಊರುಗೋಲು ಎರಡು ತಗೊಳ್ಳಿ, ನಾಚಿಕೆ ಏನಿಲ್ಲ, ಅಲ್ಲಿ ಎಳೆ ಹುಡುಗರೂ ಹಿಡಿದಿರುತ್ತಾರೆ.

ಟೆಂಟ್ ಹಾಕುವುದರಲ್ಲಿ ಎರಡು ಬಗೆ. ಅಂಚಿನ ಮೇಲೆ ಕಾರು ಪಕ್ಕದಲ್ಲೇ ಟೆಂಟ್ ಹಾಕುವುದು ಒಂದು. ಅದಕ್ಕೆ ಮೇದರ್ ಕ್ಯಾಂಪ್‌ಗ್ರೌಂಡ್ ಚೆನ್ನಾಗಿದೆ. ವರ್ಷವಿಡೀ ತೆರೆದಿರುತ್ತದೆ, ಅಂಗಡಿ ಹತ್ತಿರ, ದುಡ್ಡು ಕೊಟ್ಟರೆ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವ ಮಷಿನ್ ಎಲ್ಲ ಇದೆ. ರಿಕ್ರಿಯೇಷನ್ ಡಾಟ್ ಜಿಒವಿ ಎಂಬ ಸರ್ಕಾರಿ ಸೈಟಿನಲ್ಲಿ ಆರು ತಿಂಗಳು ಮೊದಲೇ ಬುಕಿಂಗ್ ಬಿಡುತ್ತಾರೆ, ಬಿಟ್ಟ ದಿನವೇ ಹಿಡಿಯಬೇಕು. ಸಿಗಲಿಲ್ಲವೋ, ಪಾರ್ಕಿನ ಹೊರಗೆ ಕೈಬಾಬ್ ನ್ಯಾಷನಲ್ ಫಾರೆಸ್ಟ್ ಇದೆ, ಅಲ್ಲಿ ದುಡ್ಡಿಲ್ಲದೆ ಟೆಂಟ್ ಹಾಕಬಹುದು, ಆದರೆ ನೀರಿಲ್ಲ, ಶೌಚಾಲಯವಿಲ್ಲ. ಹಿರಿಯರಿದ್ದರೆ ಬೇಡ. ಚಾಪೆ ಹಾಸಿ ಮಲಗಿದರೆ ನೆಲದ ಚಳಿ ಬೆನ್ನಿಗೆ ಹತ್ತುತ್ತದೆ, ಗಾಳಿ ತುಂಬುವ ಹಾಸಿಗೆ, ಒಳ್ಳೆ ಸ್ಲೀಪಿಂಗ್ ಬ್ಯಾಗ್ ಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಸೌದೆ ಬೆಂಕಿ ನಿಲ್ಲಿಸಿರುತ್ತಾರೆ, ಸಣ್ಣ ಗ್ಯಾಸ್ ಸ್ಟೌವ್ ಇಟ್ಟುಕೊಳ್ಳಿ. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು. ಅಡುಗೆ ಸುಲಭದ್ದಿರಲಿ: ಪುಳಿಯೋಗರೆ ಗೊಜ್ಜು ಇದ್ದರೆ ಅನ್ನ ಮಾಡಿದರೆ ಸಾಕು, ಬೆಳಗ್ಗೆ ಅವಲಕ್ಕಿ, ನಡುವೆ ರಾಗಿ ಹುರಿಹಿಟ್ಟಿಗೆ ಬೆಲ್ಲ ಕಲಸಿದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಊರಿನಿಂದ ಒಯ್ಯುವ ತಿಂಡಿಯನ್ನೆಲ್ಲ ಅಮೆರಿಕದ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಹೇಳಿ ತೋರಿಸಿಬಿಡಿ.

ಎರಡನೆಯದು ಕಣಿವೆಯ ತಳದಲ್ಲಿ ರಾತ್ರಿ ಕಳೆಯುವುದು. ಇದಕ್ಕೆ ಪರ್ಮಿಟ್ ಬೇಕೇ ಬೇಕು, ತಿಂಗಳುಗಳ ಮೊದಲೇ ಲಾಟರಿಗೆ ಹೆಸರು ಕೊಡಬೇಕು. ದೇಹ ಗಟ್ಟಿ ಇರುವವರಿಗೆ ನನ್ನ ಸಲಹೆ: ಸೌತ್ ಕೈಬಾಬ್‌ನಲ್ಲಿ ಇಳಿಯಿರಿ, ನದಿಯ ಹತ್ತಿರದ ಬ್ರೈಟ್ ಏಂಜೆಲ್ ಕ್ಯಾಂಪಿನಲ್ಲಿ ಮಲಗಿ, ಮರುದಿನ ಬ್ರೈಟ್ ಏಂಜೆಲ್ ದಾರಿಯಲ್ಲಿ ಹತ್ತಿ. ಸಾಧ್ಯವಾದರೆ ಹತ್ತುವಾಗ ಮಧ್ಯದ ಹವಸುಪೈ ಗಾರ್ಡನ್ಸ್‌ನಲ್ಲಿ ಇನ್ನೊಂದು ರಾತ್ರಿ. ಆ ತೋಪು ಹವಸುಪೈ ಎಂಬ ಮೂಲನಿವಾಸಿ ಜನ ತಲೆತಲಾಂತರದಿಂದ ಬೇಸಾಯ ಮಾಡಿಕೊಂಡಿದ್ದ ಜಾಗ. ಪಾರ್ಕು ಬಂದ ಮೇಲೆ ಅವರನ್ನು ಎಬ್ಬಿಸಿದರು. 2022ರಲ್ಲಿ ಅವರ ಹೆಸರನ್ನೇ ಜಾಗಕ್ಕೆ ಇಟ್ಟರು. ಅಲ್ಲಿ ನೆರಳಲ್ಲಿ ಕೂತಾಗ ಇದು ಗೊತ್ತಿರಲಿ ಅಂತ ಹೇಳಿದೆ.

ಕೆಳಗೆ ಕೊಲೊರಾಡೊ ನೋಡಿದರೆ ಇಳಿದು ಈಜುವ ಆಸೆ ಆಗುತ್ತದೆ. ಬೇಡ. ಮೇಲಿನ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಆಳದಿಂದ ಬರುವ ನೀರು, ಕೊರೆಯುತ್ತದೆ, ಸೆಳೆತ ಭಯಂಕರ. ಪಕ್ಕದ ತೊರೆಯಲ್ಲಿ ಕಾಲು ನೆನೆಸಿಕೊಳ್ಳಿ ಸಾಕು. ಬೆಳಗ್ಗೆ ಶೂ ಹಾಕುವ ಮುಂಚೆ ಕೊಡವಿ, ಚೇಳು ಇರಬಹುದು. ತಿಂಡಿಯನ್ನು ಅಲ್ಲಿಟ್ಟಿರುವ ಲೋಹದ ಪೆಟ್ಟಿಗೆಯಲ್ಲೇ ಇಡಿ. ಅಳಿಲು ಚೀಲ ಕಡಿದು ಒಳಗೆ ನುಗ್ಗುತ್ತದೆ, ಮುದ್ದಾಗಿ ಕಾಣುತ್ತದೆ ಅಂತ ಕಡ್ಲೆಕಾಯಿ ಕೊಡಲು ಹೋದರೆ ಬೆರಳು ಕಚ್ಚುತ್ತದೆ, ಅಲ್ಲಿ ಜನಕ್ಕೆ ಆಗುವ ಗಾಯಗಳಲ್ಲಿ ಇದು ತುಂಬ ಮಾಮೂಲು. ಎಲ್ಕ್ ಎಂಬ ದೊಡ್ಡ ಕೊಂಬಿನ ಜಿಂಕೆ ಕಂಡರೆ 30 ಮೀಟರ್ ದೂರ ನಿಲ್ಲಿ. ದಾರಿಯಲ್ಲಿ ಹೇಸರಗತ್ತೆಗಳ ಸಾಲು ಬಂದರೆ ಅವಕ್ಕೇ ಮೊದಲ ಹಕ್ಕು. ಕಣಿವೆಯ ಬದಿ ಬಿಟ್ಟು ಗೋಡೆಯ ಬದಿಗೆ ಸರಿದು, ಮುಂದಿರುವವನು ಹೇಳಿದಂತೆ ಸುಮ್ನೆ ನಿಲ್ಲಿ. ಹತ್ತಿ ಬರುತ್ತಿರುವವರಿಗೂ ದಾರಿ ಬಿಡುವುದು ಅಲ್ಲಿನ ರೂಢಿ. ಕಸ ಎಲ್ಲ ವಾಪಸ್ ಹೊತ್ತು ತರಬೇಕು, ಕಿತ್ತಳೆ ಸಿಪ್ಪೆಯನ್ನೂ ಬಿಡುವ ಹಾಗಿಲ್ಲ, ಒಣ ಹವೆಯಲ್ಲಿ ಅದು ಕೊಳೆಯುವುದೇ ಇಲ್ಲ. ಡ್ರೋನ್ ಹಾರಿಸುವಂತಿಲ್ಲ.

ವಾಪಸ್ ಹೋಗುವಾಗ ಅದೇ ದಾರಿಯಲ್ಲಿ ಹೋಗಬೇಡಿ, ಪೂರ್ವಕ್ಕೆ ಡೆಸರ್ಟ್ ವ್ಯೂ ರಸ್ತೆ ಹಿಡಿಯಿರಿ. ಸುಮಾರು 37 ಕಿಲೋಮೀಟರ್, ನಡುನಡುವೆ ನಿಲ್ಲಿಸಿ ನೋಡುವ ಜಾಗಗಳಿವೆ. ಕೊನೆಯಲ್ಲಿ 1932ರಲ್ಲಿ ಮೇರಿ ಕೋಲ್ಟರ್ ಎಂಬ ವಾಸ್ತುಶಿಲ್ಪಿ ಕಟ್ಟಿಸಿದ ಕಲ್ಲಿನ ಗೋಪುರವಿದೆ, ಅಲ್ಲಿಂದ ನದಿ ಚೆನ್ನಾಗಿ ಕಾಣುತ್ತದೆ. ಅಲ್ಲಿಂದ ಮುಂದೆ ನವಾಹೊ ಎಂಬ ಮೂಲನಿವಾಸಿ ಜನರ ಪ್ರದೇಶ. ಅರಿಜೋನಾದವರು ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸುವುದಿಲ್ಲ, ನವಾಹೊದವರು ತಿರುಗಿಸುತ್ತಾರೆ. ಹಾಗಾಗಿ ಆ ಕಡೆ ಯಾವುದಾದರೂ ಟೂರ್ ಬುಕ್ ಮಾಡಿದ್ದರೆ ಯಾರ ಟೈಮು ಅಂತ ಮೊದಲೇ ಕೇಳಿಕೊಳ್ಳಿ, ಒಂದು ಗಂಟೆ ವ್ಯತ್ಯಾಸ ಬರುತ್ತದೆ.